ನಿಧಾನಕ್ಕೋ, ಜೋರಾಗಿಯೋ?

ಇನ್‌ಹೇಲರ್‌ಗಳಲ್ಲಿ ಮುಖ್ಯವಾಗಿ ಎರಡು ಪಂಗಡ. ಒಂದು ಗ್ಯಾಸ್ ತುಂಬಿದ ಪಂಪು, ಇನ್ನೊಂದು ಪುಡಿಯದ್ದು. ಎರಡೂ ಹುಟ್ಟಿದ್ದು ಆಸ್ತಮಾದವರ ಉದ್ಧಾರಕ್ಕೇ. ಆದರೆ ಒಂದು ಹೇಳಿದ್ದನ್ನು ಇನ್ನೊಂದು ಒಪ್ಪುವುದಿಲ್ಲ. ಪಂಪು "ನಿಧಾನ, ನಿಧಾನ" ಅನ್ನುತ್ತದೆ. ಪುಡಿಯದ್ದು "ಜೋರಾಗಿ ಎಳಿ" ಅನ್ನುತ್ತದೆ. ನಮ್ಮ ಮನೆಯಲ್ಲಿ ನನಗೂ ಆಸ್ತಮಾ, ಚಿಕ್ಕಪ್ಪನಿಗೂ ಆಸ್ತಮಾ. ಹಾಗಾಗಿ ಎರಡೂ ಪಂಗಡದ ಉಪದೇಶ ನಮಗೆ ಪುಕ್ಕಟೆ.

ಪಂಪಿನ ಶಾಸ್ತ್ರ ನೋಡಿ. ಮುಚ್ಚಳ ತೆಗೆದು ಚೆನ್ನಾಗಿ ಅಲ್ಲಾಡಿಸಬೇಕು. ಒಳಗಿನ ಉಸಿರನ್ನು ಪೂರ್ತಿ ಹೊರಗೆ ಬಿಡಬೇಕು. ಬಾಯಲ್ಲಿಟ್ಟು ತುಟಿ ಬಿಗಿ ಮಾಡಿ, ಉಸಿರೆಳೆಯಲು ಶುರು ಮಾಡುತ್ತಿದ್ದಂತೆಯೇ ಒತ್ತಬೇಕು. ಆಮೇಲೂ ನಾಲ್ಕೈದು ಸೆಕೆಂಡ್ ನಿಧಾನಕ್ಕೆ ಎಳೆಯುತ್ತಾ ಹೋಗಿ, 10 ಸೆಕೆಂಡ್ ಉಸಿರು ಹಿಡಿದು ಕೂರಬೇಕು. ಇಷ್ಟೆಲ್ಲ ಮಾಡಬೇಕಾದವನು ಯಾರು? ಉಸಿರೇ ಸಿಗದೆ ಒದ್ದಾಡುತ್ತಿರುವವನು! ಒತ್ತುವುದು ಸ್ವಲ್ಪ ಹಿಂದೆ ಮುಂದೆ ಆದರೂ ಔಷಧಿಯೆಲ್ಲ ನಾಲಿಗೆಯ ಪಾಲು. ಸಾಲದ್ದಕ್ಕೆ, ಗಂಟಲಿಗೆ ತಣ್ಣಗೆ ಬಡಿಯುವ ಆ ಗ್ಯಾಸಿಗೆ ಕೆಲವರ ಉಸಿರು ಗಕ್ಕನೆ ನಿಂತೇಬಿಡುತ್ತದೆ.

ಇದರ ಹಿಂದೆ ಒಬ್ಬಳು ಹುಡುಗಿ ಇದ್ದಾಳೆ. 1955ರಲ್ಲಿ ಅಮೆರಿಕದ ಔಷಧಿ ಕಂಪನಿಯೊಂದರ ಮುಖ್ಯಸ್ಥ ಜಾರ್ಜ್ ಮೇಸನ್ ಅವರ 13 ವರ್ಷದ ಮಗಳು, ಆಸ್ತಮಾ ಔಷಧಿಯೂ ಹೇರ್ ಸ್ಪ್ರೇ ತರಹದ ಡಬ್ಬಿಯಲ್ಲಿ ಯಾಕೆ ಬರಬಾರದು ಅಂತ ಅಪ್ಪನನ್ನು ಕೇಳಿದಳಂತೆ. ಮರುವರ್ಷವೇ ಪಂಪು ಅಂಗಡಿಗೆ ಬಂತು. ಪಾಪ, ಅವಳು ಕೇಳಿದ್ದು ಒತ್ತಿದರೆ ಬರಬೇಕು ಅಂತ ಅಷ್ಟೇ. ಉಳಿದ ಷರತ್ತುಗಳೆಲ್ಲ ಡಬ್ಬಿಯ ಜೊತೆಗೇ ಬಂದವು.

ಪುಡಿಯದ್ದರಲ್ಲಿ ಒತ್ತುವ ತಾಪತ್ರಯ ಇಲ್ಲ. ನೀವು ಎಳೆಯುವ ರಭಸಕ್ಕೇ ಪುಡಿ ಎದ್ದು ಒಳಗೆ ಹೋಗಬೇಕು. ಆದರೆ ಅದರೊಳಕ್ಕೆ ಅಪ್ಪಿತಪ್ಪಿಯೂ ಉಸಿರು ಬಿಡುವಂತಿಲ್ಲ. ಬಿಟ್ಟರೆ ತೇವಕ್ಕೆ ಪುಡಿ ಅಂಟಿಕೊಳ್ಳುತ್ತದೆ. ಚಿಕ್ಕಪ್ಪನಿಗೆ ಮೊದಲು ಕೊಟ್ಟಿದ್ದು ಇದನ್ನೇ, ಕ್ಯಾಪ್ಸೂಲ್ ಹಾಕಿ ಎಳೆಯುವಂಥದ್ದು. ಸ್ವಲ್ಪ ದಿನ ಬಿಟ್ಟು, "ಹೇಗಿದೆ ಚಿಕ್ಕಪ್ಪ?" ಅಂದೆ. "ಹೊಟ್ಟೆಗೇನೂ ತೊಂದರೆ ಇಲ್ಲಪ್ಪ, ದಮ್ಮು ಮಾತ್ರ ಹಾಗೇ ಇದೆ" ಅಂದರು. ಕ್ಯಾಪ್ಸೂಲನ್ನು ದಿನಾ ನೀರಿನ ಜೊತೆ ನುಂಗುತ್ತಿದ್ದರು! ಯಂತ್ರ ಬೀರುವಿನಲ್ಲಿ ಡಬ್ಬಿ ಸಮೇತ ಭದ್ರವಾಗಿತ್ತು. ನಗಬೇಡಿ, ಹೀಗೆ ನುಂಗಿದವರು ಜಗತ್ತಿನಲ್ಲಿ ಇವರೊಬ್ಬರೇ ಅಲ್ಲ.

ಕೊನೆಗೆ ಇಬ್ಬರೂ ಡಾಕ್ಟರ ಮುಂದೆ ಕೂತೆವು. ಯಾವ ಕಂಪನಿಯದು ಒಳ್ಳೆಯದು ಅಂತ ಹೇಳುತ್ತಾರೆ ಅಂದುಕೊಂಡರೆ, ಅವರು ಕೈಗೆ ಒಂದು ಪ್ಲಾಸ್ಟಿಕ್ ಸೀಟಿ ಕೊಟ್ಟರು. ಊದುವ ಸೀಟಿಯಲ್ಲ, ಎಳೆಯುವ ಸೀಟಿ. ಸಾಕಷ್ಟು ಜೋರಾಗಿ ಉಸಿರೆಳೆದರೆ ಮಾತ್ರ ಕೂಗುತ್ತದೆ. ನನ್ನದು ಕೀ ಅಂದಿತು. ಎಷ್ಟೋ ವರ್ಷದ ಮೇಲೆ ಪರೀಕ್ಷೆ ಪಾಸಾದಷ್ಟು ಖುಷಿ. ಚಿಕ್ಕಪ್ಪ ಮುಖ ಕೆಂಪಾಗುವಷ್ಟು ಎಳೆದರು. ಸೀಟಿ ಬರಲಿಲ್ಲ, ಕೆಮ್ಮು ಬಂತು. ಪಕ್ಕದಲ್ಲಿ ಕಾಯುತ್ತಿದ್ದ ಪುಟ್ಟ ಹುಡುಗ "ತಾತ, ನಾನು ಮಾಡಿ ತೋರಿಸ್ಲಾ?" ಅಂದ. ತೋರಿಸಿಯೂ ಬಿಟ್ಟ.

ಹಾಗಾಗಿ ನನಗೆ ಪುಡಿಯದ್ದು, ಚಿಕ್ಕಪ್ಪನಿಗೆ ಪಂಪು ಅಂತಾಯಿತು. ಅದರ ಜೊತೆ ಸ್ಪೇಸರ್. ಉದ್ದನೆಯ ಕೊಳವೆ ಅದು. ಔಷಧಿಯನ್ನು ಅದರೊಳಗೆ ಒತ್ತಿ, ಆರಾಮಾಗಿ ಎಳೆದುಕೊಳ್ಳಬಹುದು. ಕೈಗೂ ಬಾಯಿಗೂ ತಾಳ ಹಾಕುವ ಕಷ್ಟ ಇಲ್ಲ. ನನ್ನ ಪ್ರಕಾರ ಇಡೀ ಆಸ್ತಮಾ ಲೋಕದಲ್ಲಿ ಇದಕ್ಕಿಂತ ಒಳ್ಳೆಯ ಮನಸ್ಸಿನ ವಸ್ತು ಇಲ್ಲ. ಆಕಾರದಿಂದ ಮಾತ್ರ ಸೋತಿದೆ. ಯಾವ ಚೀಲಕ್ಕೂ ಹಿಡಿಸುವುದಿಲ್ಲ. ಚಿಕ್ಕಮ್ಮ ಅದನ್ನು ಬಟ್ಟೆಯಲ್ಲಿ ಫಳಫಳ ಹೊಳೆಯುವಂತೆ ಉಜ್ಜಿಟ್ಟಿದ್ದರು. ಉಜ್ಜಿದರೆ ಪ್ಲಾಸ್ಟಿಕ್ಕಿಗೆ ಸ್ಥಿರ ವಿದ್ಯುತ್ ಬಂದು ಔಷಧಿಯೆಲ್ಲ ಗೋಡೆಗೇ ಅಂಟಿಕೊಳ್ಳುತ್ತದೆ. ಸೋಪಿನ ನೀರಲ್ಲಿ ಅದ್ದಿ, ಹಾಗೇ ಒಣಗಲು ಬಿಡಬೇಕು ಅಂತ ಅವರಿಗೆ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಕೊನೆಗೆ ಡಾಕ್ಟರೇ ಹೇಳಬೇಕಾಯಿತು.

ನೆಂಟರದ್ದು ಇನ್ನೊಂದು ರಾಗ. "ಪಂಪು ಅಭ್ಯಾಸ ಆಗಿಬಿಡುತ್ತೆ, ಸುಮ್ನೆ ಮಾತ್ರೆ ತಗೊಳ್ಳಿ." ಅವರಿಗೆ ನಾನು ಲೆಕ್ಕ ಹೇಳುತ್ತೇನೆ. ದಮ್ಮು ಇಳಿಸುವ ಔಷಧಿ ಸಾಲ್ಬುಟಮಾಲ್. ಅದರ ಪಂಪನ್ನು ಒಂದು ಸಲ ಒತ್ತಿದರೆ ಬರುವುದು ಸಾಮಾನ್ಯವಾಗಿ 100 ಮೈಕ್ರೋಗ್ರಾಂ. ಅದೇ ಔಷಧಿಯ ಮಾತ್ರೆಯಲ್ಲಿ 2 ಅಥವಾ 4 ಮಿಲಿಗ್ರಾಂ ಇರುತ್ತದೆ. ಅಂದರೆ 20ರಿಂದ 40 ಪಟ್ಟು. ಯಾವುದು ಜಾಸ್ತಿ ಆಯ್ತು? ಆದರೂ ಈ ಸಾಲ್ಬುಟಮಾಲ್‌ನ ನೀಲಿ ಪಂಪನ್ನೇ ನೆಚ್ಚಿ ಕೂರಬಾರದು ಅನ್ನೋದು ನಿಜ. ಅದು ದಮ್ಮನ್ನು ಇಳಿಸುತ್ತದೆ, ಒಳಗಿನ ಊತ ಹಾಗೇ ಇರುತ್ತದೆ. ಊತಕ್ಕೆ ಸ್ಟಿರಾಯ್ಡ್ ಇರುವ ಇನ್‌ಹೇಲರ್ ಬೇಕು. ಅದನ್ನು ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಬೂಷ್ಟು.

ಈಗ ನಮ್ಮ ಮನೆಯ ಜಗಳ ಬೇರೆ. ಚಿಕ್ಕಪ್ಪನ ಪಂಪಿನ ಹಿಂದಿರುವ ಕೌಂಟರ್ ಸೊನ್ನೆ ತೋರಿಸುತ್ತಿದೆ. ಔಷಧಿ ಮುಗಿದ ಮೇಲೂ ಗ್ಯಾಸ್ ಉಳಿದಿರುತ್ತದೆ, ಬುಸ್ ಅಂತ ಬಂದರೂ ಅದರಲ್ಲಿ ಔಷಧಿ ಇಲ್ಲ ಅಂತ ನಾನು. ಅವರು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ.

"ಇನ್ನೂ ಗುಳುಗುಳು ಅಂತಿದೆ ಕಣೋ. ನಿನ್ನ ಸೊನ್ನೆಗೇನು ಗೊತ್ತು?"