‘ಬೇಕಿದ್ದರೆ ಮಾತ್ರ’ ಎಂಬ ಮಾತನ್ನು ಯಾರು ಪಾಲಿಸಬೇಕು?

ಕಳೆದ ಚಳಿಗಾಲದಲ್ಲಿ ಮಗಳಿಗೆಂದು ತಂದ ಕೋಟು ತೋಳಿನಲ್ಲಿ ಬಿಗಿಯಾಯಿತು. ವಾಪಸು ಕೊಡಲು ಅಂಗಡಿಗೆ ಹೋದೆ. ರಸೀದಿ ಎಲ್ಲೋ ಕಳೆದುಹೋಗಿತ್ತು. ಹಾಗಾದರೆ ಡ್ರೈವಿಂಗ್ ಲೈಸೆನ್ಸ್ ಕೊಡಿ ಎಂದ ಕೌಂಟರಿನ ಹುಡುಗ, ಕಾರ್ಡನ್ನು ತಿರುಗಿಸಿ ಹಿಂಬದಿಯ ಬಾರ್‌ಕೋಡನ್ನು ಯಂತ್ರಕ್ಕೆ ತೋರಿಸಿದ. ಅರೆಕ್ಷಣದ ಕೆಲಸ. ಆ ಬಾರ್‌ಕೋಡಿನಲ್ಲಿ ನನ್ನ ಪೂರ್ಣ ಹೆಸರು, ಮನೆಯ ವಿಳಾಸ, ಹುಟ್ಟಿದ ದಿನಾಂಕ, ಎತ್ತರ, ಕಣ್ಣಿನ ಬಣ್ಣ, ಲೈಸೆನ್ಸ್ ಸಂಖ್ಯೆ ಎಲ್ಲವೂ ಇವೆ. ಇದರಲ್ಲಿ ಏನೇನು ಉಳಿಸಿಕೊಳ್ಳುತ್ತೀರಿ ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಅದು ಅವನ ತಪ್ಪೂ ಅಲ್ಲ. ಹಿಂದೆ ಸಾಲಿನಲ್ಲಿ ಐದಾರು ಮಂದಿ ಕಾಯುತ್ತಿದ್ದರು. ದುಡ್ಡು ತೆಗೆದುಕೊಂಡು ಹೊರಬಂದೆ.

ಮಗುವಿನ ಕೋಟು ಹಿಂತಿರುಗಿಸಲು ನನ್ನ ಕಣ್ಣಿನ ಬಣ್ಣ ಯಾಕೆ ಬೇಕು ಎಂಬ ಪ್ರಶ್ನೆ ಮನೆ ಸೇರುವವರೆಗೂ ಕಾಡಿತು. ಕೆಲವು ತಿಂಗಳ ನಂತರ ನಾನೇ ಮುಂದಾಗಿ ಲೈಸೆನ್ಸನ್ನು ಮೊಬೈಲಿಗೆ ಹಾಕಿಕೊಂಡಿದ್ದು ಆ ಪ್ರಶ್ನೆಯಿಂದಾಗಿಯೇ.

ನಾನಿರುವ ಕ್ಯಾಲಿಫೋರ್ನಿಯಾದಲ್ಲಿ 2023ರಲ್ಲಿ ಇದರ ಪ್ರಯೋಗ ಶುರುವಾಯಿತು. ಅದಕ್ಕೂ ಮೊದಲೇ ಹಲವು ರಾಜ್ಯಗಳು ಈ ದಾರಿ ಹಿಡಿದಿದ್ದವು. ಲೂಸಿಯಾನ 2018ರಲ್ಲೇ ‘ಎಲ್‌ಎ ವಾಲೆಟ್’ ಎಂಬ ಆ್ಯಪ್ ತಂದಿತು. ಅರಿಝೋನಾ 2022ರ ಮಾರ್ಚ್‌ನಲ್ಲಿ ಐಫೋನಿನ ಆ್ಯಪಲ್ ವಾಲೆಟ್‌ನೊಳಗೆ ಲೈಸೆನ್ಸ್ ಇಡಲು ಅವಕಾಶ ಕೊಟ್ಟ ಮೊದಲ ರಾಜ್ಯವಾಯಿತು. ಮೇರಿಲ್ಯಾಂಡ್, ಕೊಲೊರಾಡೊ, ಜಾರ್ಜಿಯಾ, ಒಹಾಯೊ, ನ್ಯೂಯಾರ್ಕ್ ಹೀಗೆ ಪಟ್ಟಿ ಬೆಳೆಯುತ್ತಲೇ ಇದೆ. ಎಲ್ಲ ಕಡೆಯೂ ಒಂದೇ ಮಾತು: ಇದು ಐಚ್ಛಿಕ, ಬೇಕಿದ್ದವರು ಮಾತ್ರ ತೆಗೆದುಕೊಳ್ಳಬಹುದು.

ಮೊದಲು ಇದರ ಒಳ್ಳೆಯ ಗುಣವನ್ನು ಹೇಳಬೇಕು. ಸಮ್ಮೇಳನಕ್ಕೆಂದು ವಿಮಾನ ನಿಲ್ದಾಣಕ್ಕೆ ಹೋಗುವ ಇಲ್ಲಿನ ಕನ್ನಡಿಗರಲ್ಲಿ ಹಲವರು ಇದನ್ನು ಈಗಾಗಲೇ ಬಳಸಿರಬಹುದು. ಭದ್ರತಾ ತಪಾಸಣೆಯಲ್ಲಿ ಫೋನನ್ನು ಯಂತ್ರದ ಹತ್ತಿರ ಹಿಡಿದರೆ, ಆ ಯಂತ್ರ ಏನೇನು ಕೇಳುತ್ತಿದೆ ಎಂಬುದು ನಮ್ಮ ಪರದೆಯ ಮೇಲೆ ಬರುತ್ತದೆ. ನಾವು ಒಪ್ಪಿದ ಮೇಲೆಯೇ ಮಾಹಿತಿ ದಾಟುತ್ತದೆ. ಫೋನನ್ನು ಯಾರ ಕೈಗೂ ಕೊಡಬೇಕಿಲ್ಲ. ಇದಕ್ಕೆ ಆಧಾರವಾದ ಅಂತರರಾಷ್ಟ್ರೀಯ ಮಾನದಂಡ, ಐಎಸ್‌ಒ 18013-5, ಪ್ರಕಟವಾದದ್ದು 2021ರಲ್ಲಿ. ಅದನ್ನು ರೂಪಿಸಿದವರ ಜಾಣ್ಮೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಲೈಸೆನ್ಸಿನ ಪ್ರತಿಯೊಂದು ವಿವರಕ್ಕೂ ರಾಜ್ಯದ ಡಿಜಿಟಲ್ ಮೊಹರು ಬೀಳುವಂತೆ ಅವರು ಮಾಡಿದ್ದಾರೆ. ಹಾಗಾಗಿ ಒಂದೇ ಒಂದು ವಿವರವನ್ನು ಬಿಡಿಸಿ ತೋರಿಸಿದರೂ ಅದು ಅಸಲಿ ಎಂದು ಎದುರಿನವರು ಖಚಿತಪಡಿಸಿಕೊಳ್ಳಬಹುದು. ಮದ್ಯದಂಗಡಿಯವನಿಗೆ ತಿಳಿಯಬೇಕಾದದ್ದು ಎದುರಿಗಿರುವವರಿಗೆ 21 ತುಂಬಿದೆಯೇ ಎಂಬುದಷ್ಟೇ. ಉತ್ತರ ಹೌದು ಅಥವಾ ಇಲ್ಲ. ವಿಳಾಸ ಬೇಡ, ಹೆಸರೂ ಬೇಡ, ಹುಟ್ಟಿದ ದಿನವೂ ಬೇಡ. ಪ್ಲಾಸ್ಟಿಕ್ ಕಾರ್ಡಿನಲ್ಲಿ ಇದು ಎಂದಿಗೂ ಸಾಧ್ಯವಿರಲಿಲ್ಲ. ಅಲ್ಲಿ ಕೊಟ್ಟರೆ ಎಲ್ಲವನ್ನೂ ಕೊಡಬೇಕು.

ಹಾಗಾದರೆ ಆ ಕೋಟಿನ ಅಂಗಡಿಯಲ್ಲಿ ನನ್ನ ಸಮಸ್ಯೆ ಬಗೆಹರಿಯಿತೇ? ಇಲ್ಲ. ನನ್ನ ಆತಂಕ ಹುಟ್ಟುವುದೇ ಅಲ್ಲಿ.

ಕಡಿಮೆ ತೋರಿಸುವ ಶಕ್ತಿಯನ್ನು ಯಂತ್ರ ನನಗೆ ಕೊಟ್ಟಿದೆ, ನಿಜ. ಕಡಿಮೆ ಕೇಳಬೇಕೆಂಬ ಕರ್ತವ್ಯವನ್ನು ಎದುರಿನವರ ಮೇಲೆ ಯಾರು ಹೇರಿದ್ದಾರೆ? ನಾಳೆ ಅದೇ ಅಂಗಡಿಯ ಯಂತ್ರ ಹೆಸರು, ವಿಳಾಸ, ಜನ್ಮದಿನ, ಭಾವಚಿತ್ರ ಎಲ್ಲವನ್ನೂ ಬೇಡಿದರೆ ನನ್ನ ಪರದೆಯ ಮೇಲೆ ಉದ್ದನೆಯ ಪಟ್ಟಿ ಬರುತ್ತದೆ. ಹಿಂದೆ ಆರು ಜನ ನಿಂತಿರುತ್ತಾರೆ. ಒಪ್ಪದಿದ್ದರೆ ಕೋಟು ವಾಪಸಿಲ್ಲ. ನಾನು ಒಪ್ಪುತ್ತೇನೆ. ಎಲ್ಲರೂ ಒಪ್ಪುತ್ತಾರೆ. ಆ ಒಪ್ಪಿಗೆಯಲ್ಲಿ ನನ್ನ ಇಚ್ಛೆ ಎಷ್ಟಿರುತ್ತದೆ?

‘ಐಚ್ಛಿಕ’ ಎಂಬ ಪದವನ್ನು ಈಗಿನ ಚರ್ಚೆಗಳಲ್ಲಿ ಪಡೆಯುವವರ ಕಡೆಯಿಂದ ಮಾತ್ರ ನೋಡಲಾಗುತ್ತಿದೆ. ನೀವು ಬೇಡವೆಂದರೆ ತೆಗೆದುಕೊಳ್ಳಬೇಕಿಲ್ಲ, ಅಷ್ಟೇ ತಾನೇ ಎನ್ನುತ್ತಾರೆ. ಅಷ್ಟೇ ಸಾಲದು. ಆ ಪದ ಕೇಳುವವರನ್ನು ಕಟ್ಟಿಹಾಕಬೇಕು. ಕಾರ್ಡ್ ತೋರಿಸಿದವರನ್ನೂ ಫೋನ್ ತೋರಿಸಿದವರನ್ನೂ ಅಂಗಡಿ, ಬ್ಯಾಂಕ್, ಬಾಡಿಗೆ ಮನೆಯ ಕಚೇರಿ, ಪೊಲೀಸರು ಒಂದೇ ರೀತಿ ನಡೆಸಿಕೊಳ್ಳಬೇಕು. ಕೆಲಸಕ್ಕೆ ಬೇಕಾದಷ್ಟನ್ನೇ ಕೇಳಬೇಕು, ಕೇಳಿದ್ದನ್ನು ಕೂಡಿಡಬಾರದು. ಇದು ಆ್ಯಪಿನ ನಿಯಮವಾಗಿ ಅಲ್ಲ, ದಂಡವುಳ್ಳ ಕಾನೂನಾಗಿ ಇರಬೇಕು.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಊರಿನ ಅನುಭವವೂ ಕಾರಣ.

ಶಿವಮೊಗ್ಗ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ನನ್ನ ಸೋದರತ್ತೆ ಇದ್ದಾರೆ. ಜೀವಮಾನವೆಲ್ಲ ಅಡಿಕೆ ಸುಲಿದು ಅವರ ಬೆರಳಿನ ಗೆರೆಗಳು ಸವೆದುಹೋಗಿವೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಯಂತ್ರ ಒಪ್ಪುವುದಿಲ್ಲ. ಒರೆಸಿ ಒತ್ತಿದರೂ ಇಲ್ಲ, ಬೇರೆ ಬೆರಳಿಟ್ಟರೂ ಇಲ್ಲ. ಕೆಲವೊಮ್ಮೆ ಸರ್ವರ್ ಇರುವುದಿಲ್ಲ. ಅಂಗಡಿಯವರಿಗೆ ಅತ್ತೆ ಮೂವತ್ತು ವರ್ಷಗಳಿಂದ ಪರಿಚಯ. ಆದರೂ ಅಕ್ಕಿ ಕೊಡುವಂತಿಲ್ಲ. “ನಾನು ನಾನೇ ಎಂದು ಅವರಿಗೆಲ್ಲ ಗೊತ್ತಿದೆ ಕೂಸೇ, ಆ ಡಬ್ಬಿಗೆ ಗೊತ್ತಿಲ್ಲ” ಎಂದು ಒಮ್ಮೆ ಫೋನಿನಲ್ಲಿ ಹೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸೋಲಿತ್ತು. ನನ್ನನ್ನು ಇಂದಿಗೂ ನೋಯಿಸುವುದು ಅದೇ.

ಆಧಾರ್ ಬಂದಾಗಲೂ ಅದನ್ನು ಸ್ವಯಂಪ್ರೇರಿತ ಎಂದೇ ಹೇಳಲಾಗಿತ್ತು. ಆಮೇಲೆ ಗ್ಯಾಸ್ ಸಬ್ಸಿಡಿಗೆ ಬೇಕಾಯಿತು, ಪಡಿತರಕ್ಕೆ ಬೇಕಾಯಿತು, ಸಿಮ್ ಕಾರ್ಡಿಗೂ ಬ್ಯಾಂಕ್ ಖಾತೆಗೂ ಕೇಳತೊಡಗಿದರು. ಇದನ್ನು ನ್ಯಾಯಾಲಯದ ಮೆಟ್ಟಿಲೇರಿಸಿದವರಲ್ಲಿ ಮೊದಲಿಗರು ನಮ್ಮವರೇ ಎಂಬುದನ್ನು ಕನ್ನಡಿಗರು ಮರೆಯಬಾರದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆಧಾರ್ ಇಲ್ಲವೆಂಬ ಕಾರಣಕ್ಕೆ ಯಾರಿಗೂ ತೊಂದರೆಯಾಗಬಾರದು ಎಂದು ಕೋರ್ಟು 2013ರ ಸೆಪ್ಟೆಂಬರಿನಲ್ಲಿ ಮಧ್ಯಂತರ ಆದೇಶ ನೀಡಿತು. 2017ರ ಆಗಸ್ಟ್‌ನಲ್ಲಿ ಅದೇ ಅರ್ಜಿಯ ಹಾದಿಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. 2018ರ ತೀರ್ಪು ಆಧಾರ್ ಯೋಜನೆಯನ್ನು ಉಳಿಸಿತಾದರೂ, ಖಾಸಗಿ ಕಂಪನಿಗಳು ಅದನ್ನು ಕೇಳಲು ದಾರಿ ಮಾಡಿಕೊಟ್ಟಿದ್ದ ಆಧಾರ್ ಕಾಯ್ದೆಯ 57ನೆಯ ಕಲಮಿನ ಭಾಗವನ್ನು ರದ್ದು ಮಾಡಿತು. ಆ ತೀರ್ಪು ತಡೆದದ್ದು ಕೇಳುವವರನ್ನು ಎಂಬುದನ್ನು ಗಮನಿಸಿ. ಅಷ್ಟು ಹೊತ್ತಿಗೆ ಕೋಟ್ಯಂತರ ಜನ ಎಲ್ಲೆಲ್ಲೋ ಸಂಖ್ಯೆಯನ್ನು ಕೊಟ್ಟಾಗಿತ್ತು.

ಆಧಾರ್ ಬೇರೆ, ಇಲ್ಲಿನ ಮೊಬೈಲ್ ಲೈಸೆನ್ಸ್ ಬೇರೆ ಎಂಬುದು ನನಗೆ ಗೊತ್ತು. ಇಲ್ಲಿ ಬೆರಳಚ್ಚು ಹೋಲಿಸುವ ಒಂದೇ ರಾಷ್ಟ್ರೀಯ ಕಣಜವಿಲ್ಲ. ಮಾಹಿತಿ ನಮ್ಮ ಫೋನಿನಲ್ಲೇ ಇರುತ್ತದೆ, ನೆಟ್‌ವರ್ಕ್ ಇಲ್ಲದಿದ್ದರೂ ಕೆಲಸ ಮಾಡುತ್ತದೆ. ಆದರೆ ‘ಬೇಕಿದ್ದರೆ’ ಎಂಬುದು ‘ಬೇಕೇ ಬೇಕು’ ಆಗುವ ಬಗೆ ಎರಡೂ ಕಡೆ ಒಂದೇ. ಯಾರೂ ಒಂದು ದಿನ ಆದೇಶ ಹೊರಡಿಸಿ ಕಡ್ಡಾಯ ಮಾಡುವುದಿಲ್ಲ. ಕೇಳುವ ಬಾಗಿಲುಗಳು ಒಂದೊಂದಾಗಿ ಹೆಚ್ಚುತ್ತವೆ.

ಲೂಸಿಯಾನದಲ್ಲೇ ನೋಡಿ. 2018ರಲ್ಲಿ ಆ್ಯಪ್ ಬಂದಾಗ ಪೊಲೀಸರಿಗೆ ತೋರಿಸಲು ಅನುಕೂಲ ಎಂದಿದ್ದರು. 2023ರ ಜನವರಿ 1ರಿಂದ ವಯಸ್ಕರ ಜಾಲತಾಣಗಳು ನೋಡುಗರ ವಯಸ್ಸನ್ನು ಪರಿಶೀಲಿಸಬೇಕೆಂಬ ಕಾನೂನು ಅಲ್ಲಿ ಜಾರಿಗೆ ಬಂತು. ಆ ಪರಿಶೀಲನೆಗೆ ಅದೇ ಆ್ಯಪ್ ಬಳಕೆಯಾಯಿತು. ಬೇರೆ ರಾಜ್ಯಗಳೂ ಅಂಥ ಕಾನೂನುಗಳನ್ನು ತಂದವು. ಟೆಕ್ಸಸ್‌ನ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 2025ರ ಜೂನ್‌ನಲ್ಲಿ ಎತ್ತಿಹಿಡಿಯಿತು. ಮಕ್ಕಳನ್ನು ಕಾಪಾಡಬೇಕೆಂಬ ಉದ್ದೇಶದ ಬಗ್ಗೆ ತಾಯಿಯಾದ ನನಗೆ ಜಗಳವಿಲ್ಲ. ಆದರೆ ಗುರುತು ತೋರಿಸುವುದು ಸುಲಭವಾದಷ್ಟೂ ಕೇಳುವುದೂ ಸುಲಭವಾಗುತ್ತದೆ. ಮೊದಲು ಸಾಮಾನ್ಯ ಅಂತರ್ಜಾಲ ಪುಟಗಳು ನಮ್ಮ ಲೈಸೆನ್ಸ್ ಕೇಳುತ್ತಿರಲಿಲ್ಲ, ಯಾಕೆಂದರೆ ತೋರಿಸುವುದು ತ್ರಾಸದಾಯಕವಾಗಿತ್ತು. ಆ ತ್ರಾಸವೇ ನಮ್ಮನ್ನು ಕಾಯುತ್ತಿದ್ದ ಬೇಲಿಯಾಗಿತ್ತು. ಈಗ ಬೇಲಿ ತೆಗೆಯುತ್ತಿದ್ದೇವೆ, ಆ ಜಾಗದಲ್ಲಿ ಕಾನೂನಿನ ಬೇಲಿ ನಿಲ್ಲಬೇಕು.

ವಲಸೆ ಬಂದ ನಮ್ಮಂಥವರಿಗೆ ಇನ್ನೊಂದು ಭಯವಿದೆ. ಇಲ್ಲಿ ಹುಟ್ಟಿದವರಿಗೆ ಇದು ಹೊಳೆಯುವುದಿಲ್ಲ. ಕೆಲಸಕ್ಕೆಂದು ಕೊಡುವ ಎಚ್-1ಬಿ ವೀಸಾದಲ್ಲಿರುವವರ ಲೈಸೆನ್ಸಿನ ಅವಧಿ ವೀಸಾದ ಅವಧಿಗೆ ಗಂಟುಬಿದ್ದಿರುತ್ತದೆ. ನನಗೆ ಕಾಯಂ ವಾಸದ ಹಸಿರು ಕಾರ್ಡ್ ಬಂದು ಎರಡು ವರ್ಷವಾಯಿತು. ಅದಕ್ಕೂ ಮುಂಚಿನ ಹದಿಮೂರು ವರ್ಷ ಪ್ರತಿ ವಿಸ್ತರಣೆಯ ಹೊತ್ತಿಗೂ ಇದೇ ಚಿಂತೆ. ಅರ್ಜಿ ಹಾಕಿಯಾಗಿದೆ, ಉತ್ತರ ಬಂದಿಲ್ಲ, ಲೈಸೆನ್ಸ್ ಮುಗಿಯುತ್ತಿದೆ, ಮಗುವನ್ನು ಶಾಲೆಗೆ ಬಿಡುವುದು ಹೇಗೆ? ಆ ದಿನಗಳಲ್ಲಿ ಕಾರ್ಡಿನ ಮೇಲೆ ಅಚ್ಚಾದ ದಿನಾಂಕವನ್ನು ನಾನು ಪಂಚಾಂಗಕ್ಕಿಂತ ಹೆಚ್ಚು ಸಲ ನೋಡಿದ್ದೇನೆ.

ಆದರೂ ಆ ಕಾರ್ಡಿಗೆ ಒಂದು ಗಟ್ಟಿತನವಿತ್ತು. ಅಚ್ಚಾದ ದಿನದವರೆಗೆ ಅದು ನನ್ನ ಕೈಯಲ್ಲಿತ್ತು. ಮೊಬೈಲಿನಲ್ಲಿರುವುದು ಹಾಗಲ್ಲ. ಅದರ ಮೊಹರಿಗೆ ತನ್ನದೇ ಆದ ಅವಧಿ ಇರುತ್ತದೆ, ಕಾಲಕಾಲಕ್ಕೆ ಲೈಸೆನ್ಸ್ ಕೊಟ್ಟ ಇಲಾಖೆಯಿಂದ ಅದನ್ನು ಹೊಸದಾಗಿ ಪಡೆಯುತ್ತಿರಬೇಕು. ವೀಸಾ ವಿಸ್ತರಣೆ ಸಿಕ್ಕ ಕೂಡಲೇ ಫೋನಿನಲ್ಲಿ ಹೊಸ ದಿನಾಂಕ ಬರುವಂತಾದರೆ ಅದಕ್ಕಿಂತ ಸಂತೋಷವಿಲ್ಲ. ಆದರೆ ಅದೇ ದಾರಿಯಲ್ಲಿ ಇನ್ನೊಂದೂ ಬರಬಹುದು. ಯಾವುದೋ ದತ್ತಾಂಶದಲ್ಲಿ ಹೆಸರು ಹೊಂದಲಿಲ್ಲವೆಂದು ಗುರುತು ರಾತ್ರೋರಾತ್ರಿ ನಿಂತುಹೋಗಬಹುದು. ದಕ್ಷಿಣ ಭಾರತದ ಹೆಸರುಗಳು ಇಲ್ಲಿನ ನಮೂನೆಗಳಲ್ಲಿ ಪಡುವ ಪಾಡು ನಮಗೆಲ್ಲ ಗೊತ್ತಿದೆ. ಊರಿನ ಹೆಸರು, ತಂದೆಯ ಹೆಸರು, ಕೊಟ್ಟ ಹೆಸರು ಯಾವುದು ಮೊದಲು ಎಂಬುದೇ ತೀರ್ಮಾನವಾಗುವುದಿಲ್ಲ. ಆದ್ದರಿಂದ ನೋಟಿಸು ಕೊಡದೆ, ಪ್ರಶ್ನಿಸಲು ಅವಕಾಶ ಕೊಡದೆ ಡಿಜಿಟಲ್ ಲೈಸೆನ್ಸನ್ನು ನಿಲ್ಲಿಸಬಾರದು ಎಂಬುದು ಕಾನೂನಿನಲ್ಲಿ ಬರಹವಾಗಿ ಇರಬೇಕು. ಹಸಿರು ಕಾರ್ಡಿಗಾಗಿ ಇನ್ನೂ ಕಾಯುತ್ತಿರುವ ನನ್ನ ಗೆಳತಿಯರಿಗಾಗಿ ಇದನ್ನು ಕೇಳುತ್ತಿದ್ದೇನೆ.

ಕೆಲವು ಒಳ್ಳೆಯ ನಿಯಮಗಳು ಈಗಾಗಲೇ ಇವೆ. ಕ್ಯಾಲಿಫೋರ್ನಿಯಾದ ಕಾನೂನಿನ ಪ್ರಕಾರ ಗುರುತು ತೋರಿಸಲು ಫೋನನ್ನು ಇನ್ನೊಬ್ಬರ ಕೈಗೆ ಕೊಡಬೇಕಿಲ್ಲ, ತೋರಿಸಿದ ಮಾತ್ರಕ್ಕೆ ಫೋನ್ ಶೋಧಿಸಲು ಒಪ್ಪಿದಂತೆಯೂ ಅಲ್ಲ. ವಾರಂಟ್ ಇಲ್ಲದೆ ಬಂಧಿತರ ಫೋನನ್ನು ಪೊಲೀಸರು ಜಾಲಾಡುವಂತಿಲ್ಲ ಎಂದು 2014ರ ರೈಲಿ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ಹೇಳಿತ್ತು. ಆದರೆ ರಾತ್ರಿ ಹೆದ್ದಾರಿಯ ಪಕ್ಕ ಕೆಂಪು ನೀಲಿ ದೀಪಗಳ ಬೆಳಕಿನಲ್ಲಿ ಎದೆ ಹೊಡೆದುಕೊಳ್ಳುತ್ತಿರುವಾಗ ‘ಫೋನ್ ಕೊಡಿ’ ಎಂದರೆ ಕೊಡದೆ ಇರುವವರು ಎಷ್ಟು ಮಂದಿ? ಆ ಹೊತ್ತಿಗೆ ಪ್ಲಾಸ್ಟಿಕ್ ಕಾರ್ಡೇ ಲೇಸು. ಗಾಡಿ ಓಡಿಸುವಾಗ ಅದನ್ನು ಜೊತೆಗಿಟ್ಟುಕೊಳ್ಳಬೇಕು ಎಂದು ಇಲ್ಲಿನ ಇಲಾಖೆಯೂ ಹೇಳುತ್ತದೆ. ದಯವಿಟ್ಟು ಮನೆಯಲ್ಲಿ ಬಿಟ್ಟು ಹೋಗಬೇಡಿ.

ಯೂಟಾ ರಾಜ್ಯ ಇನ್ನೂ ಮುಂದೆ ಹೋಗಿದೆ. 2025ರಲ್ಲಿ ಅಲ್ಲಿ ಬಂದ ಕಾನೂನಿನ ಮೂಲ ತತ್ವ ನನಗೆ ಬಹಳ ಹಿಡಿಸಿತು. ಮನುಷ್ಯನ ಗುರುತು ಅವನಿಗೆ ಸಹಜವಾಗಿ ಬಂದದ್ದು, ಸರ್ಕಾರ ಅದನ್ನು ದೃಢೀಕರಿಸುತ್ತದೆಯೇ ಹೊರತು ದಯಪಾಲಿಸುವುದಿಲ್ಲ ಎಂಬುದು ಅದರ ಸಾರ. ಓದಿದಾಗ ಅತ್ತೆಯ ಮಾತು ನೆನಪಾಯಿತು. ಅದೇ ವರ್ಷದ ಜೂನ್‌ನಲ್ಲಿ ನಾಗರಿಕ ಹಕ್ಕುಗಳ ಸಂಘಟನೆಗಳೂ ತಂತ್ರಜ್ಞಾನ ಬಲ್ಲವರೂ ಸೇರಿ ‘ನೋ ಫೋನ್ ಹೋಮ್’ ಎಂಬ ಹೇಳಿಕೆ ಹೊರಡಿಸಿದರು. ನಾವು ಗುರುತು ತೋರಿಸಿದಾಗಲೆಲ್ಲ ಅದು ಕೊಟ್ಟ ಇಲಾಖೆಗೆ ಸುದ್ದಿ ಮುಟ್ಟುವ ವ್ಯವಸ್ಥೆ ಇರಲೇಬಾರದು ಎಂಬುದು ಅವರ ಒತ್ತಾಯ. ನಾನು ಯಾವ ಆಸ್ಪತ್ರೆಗೆ ಹೋದೆ, ಯಾವ ಸಭೆಯ ಬಾಗಿಲಲ್ಲಿ ಗುರುತು ತೋರಿಸಿದೆ ಎಂಬುದು ಲೈಸೆನ್ಸ್ ಕೊಟ್ಟವರಿಗೆ ಯಾಕೆ ತಿಳಿಯಬೇಕು?

ಸ್ವಿಟ್ಜರ್ಲೆಂಡಿನಲ್ಲಿ ಖಾಸಗಿ ಕಂಪನಿಗಳು ವಿದ್ಯುನ್ಮಾನ ಗುರುತನ್ನು ಕೊಡುತ್ತವೆ ಎಂದಾಗ 2021ರ ಜನಮತದಲ್ಲಿ ಶೇ 64ರಷ್ಟು ಮಂದಿ ಬೇಡವೆಂದರು. ಸರ್ಕಾರವೇ ಕೊಡುವ, ಐಚ್ಛಿಕವಾದ ಹೊಸ ಯೋಜನೆ 2025ರ ಸೆಪ್ಟೆಂಬರಿನಲ್ಲಿ ಶೇ 50.4 ಮತಗಳೊಂದಿಗೆ ಕೂದಲೆಳೆಯಲ್ಲಿ ಗೆದ್ದಿತು. ಬೇಡ ಎಂದದ್ದಕ್ಕೇ ಅವರಿಗೆ ಮೊದಲಿಗಿಂತ ಒಳ್ಳೆಯ ಯೋಜನೆ ಸಿಕ್ಕಿತು. ನಮ್ಮಲ್ಲಿ ಇದರ ಬಗ್ಗೆ ಜನಮತ ನಡೆದಿಲ್ಲ, ಆದರೆ ಶಾಸಕರಿದ್ದಾರೆ. ಮತದ ಹಕ್ಕಿಲ್ಲದಿದ್ದರೂ ಅವರ ಕಚೇರಿಗೆ ಪತ್ರ ಬರೆಯಲು ಯಾರ ಅಡ್ಡಿಯೂ ಇಲ್ಲ.

ನಾನು ನನ್ನ ಕ್ಷೇತ್ರದ ಶಾಸಕರಿಗೆ ಕಳೆದ ವಾರ ಬರೆದೆ. ಪ್ಲಾಸ್ಟಿಕ್ ಕಾರ್ಡನ್ನು ಒಪ್ಪದವರಿಗೆ ದಂಡ ಇರಲಿ, ಅಂಗಡಿಗಳು ಅಗತ್ಯ ಮೀರಿ ವಿವರ ಕೇಳುವುದನ್ನು ನಿಷೇಧಿಸಿ, ನೋಟಿಸಿಲ್ಲದೆ ಯಾರ ಗುರುತನ್ನೂ ನಿಲ್ಲಿಸಬೇಡಿ ಎಂದು ಕೇಳಿದ್ದೇನೆ. ಪತ್ರ ಒಂದು ಪುಟ ದಾಟಿಲ್ಲ. ಬೇಕಾದವರಿಗೆ ಕಳುಹಿಸುತ್ತೇನೆ, ನಿಮ್ಮ ರಾಜ್ಯಕ್ಕೆ ತಕ್ಕಂತೆ ತಿದ್ದಿಕೊಳ್ಳಿ. ಮತ್ತೊಂದು ವಿನಂತಿ: ಕಾರ್ಡ್ ಸಾಲದು, ಫೋನಿನದೇ ತೋರಿಸಿ ಎಂದು ನಿಮಗೆ ಯಾರಾದರೂ ಎಲ್ಲಿಯಾದರೂ ಹೇಳಿದ್ದರೆ, ಯಾವ ಊರು, ಯಾವ ಕೆಲಸಕ್ಕೆ ಎಂಬುದನ್ನು ಇಲ್ಲಿ ಕೆಳಗೆ ಬರೆಯಿರಿ. ಮುಂದಿನ ಪತ್ರದಲ್ಲಿ ಅವನ್ನು ಸೇರಿಸುತ್ತೇನೆ.