ಎಲ್ಲರಿಗೂ ಸೂಕ್ತವಾದ ಹಿಮ

2025ರ ಫೆಬ್ರವರಿಯಲ್ಲಿ ಹಿಮ ಸಾಲದೆ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ, ಕಾಶ್ಮೀರದ ಗುಲ್ಮಾರ್ಗ್‌ನ ಸ್ಪರ್ಧೆಗಳನ್ನೇ ಮುಂದಕ್ಕೆ ಹಾಕಿದ್ದು ನಿಮಗೆ ನೆನಪಿರಬಹುದು. ಆಟಗಾರರಿಗೇ ಸಾಲದ ಹಿಮ ನಮ್ಮ ಚಿಕ್ಕಬಳ್ಳಾಪುರದ ಟ್ರಾವೆಲ್ಸ್‌ನವನ ಹತ್ತಿರ ಮಾತ್ರ ಧಾರಾಳವಾಗಿದೆ. ಅವನ ಪಾಂಪ್ಲೆಟ್ ತುಂಬ ಮಂಡಿಯುದ್ದ ಹಿಮ. ಕೆಳಗೆ ದಪ್ಪಕ್ಷರ: 'ಸ್ಕೀಯಿಂಗ್ ಪ್ಯಾಕೇಜ್. ಕಲಿಯುವವರಿಂದ ಪಂಟರವರೆಗೆ ಎಲ್ಲರಿಗೂ ಸೂಕ್ತ.'

ಎಲ್ಲರಿಗೂ ಸೂಕ್ತ! ಈ ಮಾತು ಇದಕ್ಕೆ ಮೊದಲು ಕೇಳಿದ್ದು ಬಸ್‌ಸ್ಟ್ಯಾಂಡಿನಲ್ಲಿ ಮುಲಾಮು ಮಾರುವವನ ಬಾಯಲ್ಲಿ.

ನಾವು ಐದು ಜನ, ಸ್ಕೂಲಿನಿಂದ ಜೊತೆ. ಒಬ್ಬ ಕಂಪನಿ ಖರ್ಚಿನಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ ಎರಡು ದಿನ ಸ್ಕೀ ಮಾಡಿ ಬಂದವನು. ಅಲ್ಲೇ ಹುಟ್ಟಿದವನ ಹಾಗೆ ಮಾತಾಡುತ್ತಾನೆ. ಇನ್ನೊಬ್ಬನಿಗೆ ದ್ರಾಕ್ಷಿ ತೋಟ, ಚಪ್ಪರದ ಕೆಳಗೆ ಕತ್ತೆತ್ತಿ ಕತ್ತೆತ್ತಿ ಕುತ್ತಿಗೆ ಹಿಡಿದುಕೊಂಡಿದೆ. ಮೂರನೆಯವನು ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ವ್ಯಾಪಾರಿ. ನಾಲ್ಕನೆಯವನಿಗೆ ಮಂಡಿನೋವು. ಐದನೆಯವನು ನಾನು, ನಂದಿ ಬೆಟ್ಟದ ಮೆಟ್ಟಿಲ ಮೇಲೆ ಮೂರು ಸಲ ಜಾರಿ ಬಿದ್ದವನು.

ಇಂಥ ದಂಡು ಹೊರಟಾಗ ಕೈಲಾಗದವನನ್ನು ನೋಡಿ ಜಾಗ ಆರಿಸಬೇಕು. ಬುಡದಲ್ಲೇ ಸಣ್ಣ ಇಳಿಜಾರು, ಬಯ್ಯದೆ ಹೇಳಿಕೊಡುವ ಮೇಷ್ಟ್ರು, ಸ್ಕೀ ಬೇಡ ಅಂದವನೂ ಮೇಲೆ ಹೋಗಿ ಟೀ ಕುಡಿದು ಬರೋಕೆ ಒಂದು ಗೊಂಡೋಲಾ, ಅಂದರೆ ಡಬ್ಬಿಯಲ್ಲಿ ಕೂರಿಸಿ ಒಯ್ಯುವ ರೋಪ್‌ವೇ. ಇಷ್ಟಿದ್ದರೆ ಸಾಕು. ಆದರೆ ವಾಟ್ಸಾಪ್ ಗ್ರೂಪಿನಲ್ಲಿ ಜಾಗ ಆರಿಸೋದು ಜೋರಾಗಿ ಕೂಗುವವನು. ನಮ್ಮ ಸ್ವಿಸ್ ಸಾಹೇಬರು ಕೂಗಿದ್ದು 'ಅಫರ್ವತ್!' ಅಂತ. ಗುಲ್ಮಾರ್ಗ್ ಗೊಂಡೋಲಾದ ಮೊದಲ ಹಂತ ಕೊಂಗ್ಡೂರಿಗೆ ಬಿಡುತ್ತದೆ. ಎರಡನೆಯದು ಅಫರ್ವತ್ ಶಿಖರದ ಕಡೆ 3,900 ಮೀಟರ್ ಎತ್ತರ ದಾಟಿಸುತ್ತದೆ. ನಮ್ಮ ನಂದಿ ಬರೀ 1,478. ಮೇಲಿಂದ ಇಳಿಯೋಕೆ ಯಾರೂ ಹಸನು ಮಾಡಿಟ್ಟ ದಾರಿ ಇಲ್ಲ, ಹಿಮ ಕುಸಿಯುವ ಜಾಗ ಬೇರೆ.

"ಮಗಾ, ಮಂಡಿನೋವಿನವರು ಅಲ್ಲಿಗೆ ಹೋಗಬಹುದಾ?"

"ಹೋಗಬಹುದು. ಬರೋದು ಕಷ್ಟ."

ಮಂಡಿನೋವಿನವನು ಬುದ್ಧಿವಂತ. ನಂದಿಗೆ ರೋಪ್‌ವೇ ಆಗಲಿ, ಅದರಲ್ಲಿ ಕೂತು ಧೈರ್ಯ ಮಾಡ್ಕೊಂಡು ಆಮೇಲೆ ಕಾಶ್ಮೀರಕ್ಕೆ ಬರ್ತೀನಿ ಅಂದ. 2023ರಲ್ಲಿ ಶಂಕುಸ್ಥಾಪನೆ ಆಗಿದೆಯಲ್ಲ. ಅಷ್ಟರೊಳಗೆ ಅವನ ಇನ್ನೊಂದು ಮಂಡಿಯೂ ಹೋಗಿರುತ್ತದೆ.

ಹಾಗಾದರೆ ಉತ್ತರಾಖಂಡದ ಔಲಿ? ಜೋಶಿಮಠದಿಂದ ಅಲ್ಲಿಗೆ ಸುಮಾರು 4 ಕಿಲೋಮೀಟರ್ ರೋಪ್‌ವೇ ಇತ್ತು. 2023ರ ಜನವರಿಯಲ್ಲಿ ಊರಿನ ನೆಲ ಕುಸಿದು ಮನೆಗಳು ಬಿರುಕು ಬಿಟ್ಟಾಗ ಅದು ನಿಂತಿತು. ಪಾಂಪ್ಲೆಟ್‌ನಲ್ಲಿ ಇನ್ನೂ ಓಡುತ್ತಿದೆ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆ ಅಂತ ಔಲಿಗೆ ಹಿಮ ಮಾಡುವ ಯಂತ್ರಗಳನ್ನೂ ತಂದಿದ್ದರು. ಇದನ್ನು ಕೇಳಿದ್ದೇ ತಡ, ಗೂಡಿನ ವ್ಯಾಪಾರಿಯ ಕಣ್ಣು ಅರಳಿತು. "ಲೇ, ಯಂತ್ರದಲ್ಲಿ ಹಿಮ ಬರೋದಾದ್ರೆ ಅಷ್ಟು ದೂರ ಯಾಕೆ? ನಂದಿಗೇ ಹಾಕ್ಸೋಣ!"

ಒಳ್ಳೆ ಐಡಿಯಾ. ಆ ಯಂತ್ರಕ್ಕೆ ಕೊರೆಯುವ ಚಳಿ ಬೇಕು, ಅದನ್ನು ಆಮೇಲೆ ನೋಡೋಣ. ಮೊದಲು ನೀರು ಬೇಕಲ್ಲ. ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ಧೂಳು ಬರುವ ಸೀಮೆ ನಮ್ಮದು. ಇರೋದು ಹೆಬ್ಬಾಳ–ನಾಗವಾರ ಕಣಿವೆಯ ನೀರು. ಬೆಂಗಳೂರು ಮಿಂದು, ಪಾತ್ರೆ ತೊಳೆದು, ಫ್ಲಶ್ ಮಾಡಿ, ಎರಡು ಹಂತ ಶುದ್ಧಿ ಮಾಡಿ ನಮ್ಮ ಕೆರೆಗಳಿಗೆ ಕಳಿಸುತ್ತದೆ. ದೊಡ್ಡ ಮನಸ್ಸು. ಅದರಲ್ಲೇ ಹಿಮ ಮಾಡಿಟ್ಟರೆ, ಶನಿವಾರ ಬೆಳಗಿನ ಜಾವ ಕಾರು ಸಾಲುಗಟ್ಟಿಸಿಕೊಂಡು ಬರುವ ಬೆಂಗಳೂರಿನವರು ತಮ್ಮದೇ ಬಚ್ಚಲ ನೀರಿನ ಮೇಲೆ ಜಾರಬಹುದು. ಬಣ್ಣ ಸ್ವಲ್ಪ ಬೇರೆ ಇದ್ದೀತು, ಅಷ್ಟೇ.

ನಗಬೇಡಿ. ಮೂರನೇ ಹಂತವೂ ಶುದ್ಧಿ ಮಾಡಿ ಕೊಡಿ ಅಂತ ಇಲ್ಲಿನ ಜನ ವರ್ಷಗಟ್ಟಲೆ ಕೇಳಿದ್ದಾರೆ. ಧರಣಿ ಕೂತಿದ್ದಾರೆ, ಮನವಿ ಕೊಟ್ಟಿದ್ದಾರೆ. ನಮ್ಮ ಬೀದಿಯಲ್ಲಿ ಟ್ಯಾಂಕರ್ ಬಂದರೆ ಹೆಂಗಸರು ಚೊಂಬು ಬಿಡದೆ ಎಲ್ಲ ಪಾತ್ರೆ ಹೊರಗಿಡುತ್ತಾರೆ. ಅವರ ಪಕ್ಕದಲ್ಲಿ ನಿಂತು ನಾನು ಫೋನಿನಲ್ಲಿ ಹಿಮದ ರೇಟು ಕೇಳುತ್ತಿದ್ದೆ. ಸಾಕಾಗಿದೆ ಸ್ವಾಮಿ.

ಕೊನೆಗೆ ಅಫರ್ವತ್ತೇ ಗೆದ್ದಿತು. ಸಾಹೇಬರು ಮೇಲೆ ಹೋಗ್ತಾರೆ. ನಾವು ನಾಲ್ವರು ಬುಡದಲ್ಲಿ ಅವರ ಬ್ಯಾಗು, ಚಾರ್ಜರು, ಒಣ ಸಾಕ್ಸು ಕಾಯ್ತೀವಿ. ಸ್ಕೀ ಮಾಡದವರಿಗೆ ರೇಟಿನಲ್ಲಿ ಏನಾದ್ರೂ ಬಿಡ್ತೀರಾ ಅಂತ ಟ್ರಾವೆಲ್ಸ್‌ನವನನ್ನು ಕೇಳಿದೆ.

"ಇಲ್ಲ ಸಾರ್, ಎಲ್ಲರಿಗೂ ಒಂದೇ. ಪಾಂಪ್ಲೆಟ್‌ನಲ್ಲೇ ಹಾಕಿದ್ದೀವಲ್ಲ."