ಸತ್ಯಾಂಶ: ನೀಲಿ ಉರಿ ಬಂದರೆ ಸಾರಾಯಿ ಶುದ್ಧವೇ?

"ಚಮಚದಲ್ಲಿ ಸಾರಾಯಿ ಹಾಕಿ ಬೆಂಕಿ ಹಚ್ಚಿ. ನೀಲಿ ಉರಿ ಬಂದರೆ ಶುದ್ಧ, ಕೆಂಪು ಬಂದರೆ ವಿಷ. ಅಮೆರಿಕದ ಅಪಲಾಚಿಯನ್ ಬೆಟ್ಟದ ಭಟ್ಟಿಯವರ ಗುಟ್ಟು!" ಇಂಥ ಸಂದೇಶ ಬಂದರೆ ದಯವಿಟ್ಟು ನಂಬಬೇಡಿ.

ಆ ಬೆಟ್ಟಗಳಲ್ಲಿ ಈ ಮಾತು ಇರುವುದು ನಿಜ. ಆದರೆ ಪರೀಕ್ಷೆ ಸುಳ್ಳು. ಕಣ್ಣು ಕಳೆಯುವ ಮೆಥನಾಲ್ ಎಂಬ ವಿಷದ ಆಲ್ಕೋಹಾಲ್ ಕೂಡ ನೀಲಿಯಾಗಿಯೇ ಉರಿಯುತ್ತದೆ. ಹಗಲಲ್ಲಿ ಆ ಉರಿ ಕಾಣುವುದೇ ಕಷ್ಟ. ಸೀಸದ ವಿಷವನ್ನೂ ಉರಿಯ ಬಣ್ಣ ನೋಡಿ ಹೇಳಲಾಗದು. ಆಸೆಬುರುಕರು ಹಳೇ ಕಾರಿನ ರೇಡಿಯೇಟರ್‌ನಲ್ಲಿ ಆವಿ ತಣಿಸುತ್ತಿದ್ದರು, ಅದರ ಬೆಸುಗೆಯ ಸೀಸ ಸಾರಾಯಿಗೆ ಇಳಿಯುತ್ತಿತ್ತು.

ಕಸುಬು ಬಲ್ಲವರ ದಾರಿ ಬೇರೆ. ತೊರೆಯ ಪಕ್ಕ ತಾಮ್ರದ ಹಂಡೆ, ಕೊಳೆಸಿದ ಮೆಕ್ಕೆಜೋಳ, ತಣ್ಣೀರಲ್ಲಿ ಮುಳುಗಿದ ಸುರುಳಿ ಕೊಳವೆ. ಮೊದಲು ಇಳಿದದ್ದನ್ನು ಚೆಲ್ಲುತ್ತಿದ್ದರು. ಗಾಜಿನ ಜಾಡಿ ಅಲುಗಿಸಿ ಗುಳ್ಳೆ ನೋಡುತ್ತಿದ್ದರು. ದೊಡ್ಡ ಗುಳ್ಳೆ ಬೇಗ ಒಡೆದರೆ ಸಾರಾಯಿ ಖಡಕ್. ಎಂಥ ಚೆಂದದ ಕಣ್ಣಳತೆ ಅಲ್ವಾ? ಆದರೆ ಅದರಿಂದ ತಿಳಿಯುವುದು ಸಾರಾಯಿ ಎಷ್ಟು ಖಡಕ್ ಎಂಬುದು ಮಾತ್ರ, ವಿಷ ಇದೆಯೇ ಎಂಬುದಲ್ಲ.

2008ರ ಮೇ ತಿಂಗಳಲ್ಲಿ ಕರ್ನಾಟಕ, ತಮಿಳುನಾಡಿನಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಕುಡಿದ ಮೇಲೆ ಕಣ್ಣು ಮಂಜಾದರೆ, ವಾಂತಿ, ಹೊಟ್ಟೆನೋವು ಬಂದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಮೆಥನಾಲ್ ವಿಷಕ್ಕೆ ಮದ್ದು ಇದೆ.